ಮೊದಲು ಪ್ರಶ್ನೆ, ಆಮೇಲೆ ದ್ವೀಪ: ಗ್ರೀಸ್‌ಗೆ ಅಧ್ಯಯನ ಪ್ರವಾಸ ಹೊರಡುವ ತಂಡಗಳಿಗೆ

"ಮೇಡಂ, ಸ್ಯಾಂಟೊರಿನಿ ಇರುತ್ತಲ್ವಾ?"

ಈ ಸಲದ ಅಧ್ಯಯನ ಪ್ರವಾಸ ಗ್ರೀಸ್‌ಗೆ ಎಂದು ಗೊತ್ತಾದ ಕೂಡಲೇ ತರಗತಿಯಲ್ಲಿ ಏಳುವ ಮೊದಲ ಮಾತು ಇದೇ. ನೀಲಿ ಗುಮ್ಮಟ, ಬಿಳಿ ಗೋಡೆ, ಕೆಳಗೆ ಕಡಲು. ಆ ಚಿತ್ರ ಎಲ್ಲರ ಮೊಬೈಲಿನಲ್ಲೂ ಇದೆ. ಇತಿಹಾಸದ ಮೇಷ್ಟ್ರಿಗೆ ಕ್ರೀಟ್ ಬೇಕು. ಎಂಜಿನಿಯರಿಂಗ್‌ನವರು ಸಾಮೋಸ್ ಅನ್ನುತ್ತಾರೆ. ಪೋಷಕರು ಒಟ್ಟು ಎಷ್ಟಾಗುತ್ತದೆ ಹೇಳಿ ಅನ್ನುತ್ತಾರೆ. ಟ್ರಾವೆಲ್ಸ್‌ನವರು ಒಂಬತ್ತು ದಿನಕ್ಕೆ ಐದು ದ್ವೀಪಗಳ ಪಟ್ಟಿಯೊಂದನ್ನು ಕಳಿಸಿಬಿಡುತ್ತಾರೆ. ಎರಡು ಸಲ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿಬಂದವಳು ನಾನು. ಬೇರೆ ಕಾಲೇಜಿನ ಗೆಳೆಯರು ಆಗಾಗ ಫೋನ್ ಮಾಡಿ ಕೇಳುವುದನ್ನೆಲ್ಲ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಮೊದಲ ಸಲ ನಾವೂ ಒಂಬತ್ತು ದಿನಕ್ಕೆ ನಾಲ್ಕು ದ್ವೀಪ ಹಾಕಿಕೊಂಡಿದ್ದೆವು. ವಾಪಸು ಬಂದು ವಿದ್ಯಾರ್ಥಿಗಳ ಡೈರಿ ಓದುತ್ತಾ ಕೂತಾಗ ಮನಸ್ಸಿಗೆ ಬೇಸರವಾಯಿತು. ಅರ್ಧಕ್ಕರ್ಧ ಪುಟಗಳಲ್ಲಿ ಇದ್ದದ್ದು ಬಂದರು. ಐದು ಗಂಟೆಗೆ ಎದ್ದದ್ದು, ಸೂಟ್‌ಕೇಸ್ ಎಳೆದದ್ದು, ಹಡಗು ತಡವಾದದ್ದು, ಕೋಣೆ ಖಾಲಿಯಾಗುವ ತನಕ ಹೊರಗೆ ಕಾದದ್ದು. ಎರಡನೆಯ ಸಲ ಕ್ರೀಟ್ ಒಂದರಲ್ಲೇ ಉಳಿದೆವು. ಆ ಡೈರಿಗಳಲ್ಲಿ ಗೋಡೆಗಳಿದ್ದವು, ಲಿಪಿಯಿತ್ತು, ಸಂಜೆ ದಿನಸಿ ಅಂಗಡಿಯ ಅಜ್ಜಿಯ ಜೊತೆ ಆಡಿದ ಮಾತಿತ್ತು. ಹಾಗಾಗಿ ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಒಂದು ದ್ವೀಪ ಸಾಕು, ಹೆಚ್ಚೆಂದರೆ ಒಂದೇ ಹಡಗಿನ ದಾರಿಯಲ್ಲಿ ಸಿಗುವ ಎರಡು. ಇನ್ನು ಯಾವುದು ಎಂಬುದನ್ನು ತೂಗಿ ನೋಡೋಣ.

ಯಾವುದರಿಂದ ಅಳೆಯಬೇಕು

ಎಲ್ಲಕ್ಕಿಂತ ಮೊದಲು ಬೇಕಾದದ್ದು ಒಂದು ಪ್ರಶ್ನೆ. "ಗ್ರೀಕ್ ನಾಗರಿಕತೆ" ಅನ್ನುವುದು ಪಠ್ಯಪುಸ್ತಕದ ಅಧ್ಯಾಯದ ಹೆಸರು, ಅದನ್ನು ಹಿಡಿದು ಹೊರಟರೆ ಯಾವ ದ್ವೀಪವೂ ಆದೀತು. ಓದಲು ಬಾರದ ಲಿಪಿಯ ಜನರ ಬಗ್ಗೆ ನಮಗೆ ಎಷ್ಟು ತಿಳಿಯಬಹುದು? ದಿಕ್ಸೂಚಿಯೂ ಇಲ್ಲದ ಕಾಲದಲ್ಲಿ ಬೆಟ್ಟವನ್ನು ಎರಡೂ ಕಡೆಯಿಂದ ಕೊರೆದು ನಡುವೆ ಕೂಡಿಸಿದ್ದು ಹೇಗೆ? ಊರಿನ ಜನಕ್ಕಿಂತ ಇನ್ನೂರು ಪಟ್ಟು ಪ್ರವಾಸಿಗರು ಬಂದರೆ ಆ ಊರಿಗೆ ಏನಾಗುತ್ತದೆ? ಇಂಥದ್ದೊಂದು ಪ್ರಶ್ನೆ ಕೈಗೆ ಸಿಕ್ಕರೆ ಆಯ್ಕೆ ಮುಕ್ಕಾಲು ಪಾಲು ಮುಗಿದಂತೆ.

ಆಮೇಲಿನದು ಹಾದಿಯಲ್ಲಿ ಸವೆಯುವ ದಿನ. ಬೆಂಗಳೂರಿನಿಂದ ಹೊರಟವರು ಹೆಚ್ಚಾಗಿ ಕೊಲ್ಲಿ ದೇಶಗಳಲ್ಲೋ ಇಸ್ತಾನ್‌ಬುಲ್‌ನಲ್ಲೋ ವಿಮಾನ ಬದಲಿಸಿ ಅಥೆನ್ಸ್ ಮುಟ್ಟುತ್ತಾರೆ. ಹೋಗುವಾಗ ಒಂದು ದಿನ, ಬರುವಾಗ ಒಂದು ದಿನ ಅಲ್ಲಿಗೇ ಹೋಯಿತು. ದ್ವೀಪದಿಂದ ದ್ವೀಪಕ್ಕೆ ಹಡಗು ಎರಡೇ ಗಂಟೆಯದಾದರೂ, ಮೂವತ್ತು ಜನ ಗಂಟುಮೂಟೆ ಕಟ್ಟಿ, ಕೋಣೆ ಬಿಟ್ಟು, ಬಂದರಿನಲ್ಲಿ ಕಾದು, ಇಳಿದು ಮತ್ತೆ ಕೋಣೆ ಸೇರುವುದರಲ್ಲಿ ಅರ್ಧ ದಿನ ಮುಗಿಯುತ್ತದೆ. ನಾಲ್ಕು ದ್ವೀಪ ಅಂದರೆ ಎರಡು ದಿನ ಬರೀ ಸಾಮಾನು ಸಾಗಿಸಿದಂತೆ.

ತಂಡದ ಗಾತ್ರವನ್ನು ಅನೇಕರು ಲೆಕ್ಕಕ್ಕೇ ಹಿಡಿಯುವುದಿಲ್ಲ. ಹನ್ನೆರಡು ಜನರಾದರೆ ಸಣ್ಣ ದ್ವೀಪದ ಸ್ಟುಡಿಯೊ ಕೋಣೆಗಳು, ಊರ ಬಸ್ಸು ಎಲ್ಲ ಸಾಲುತ್ತವೆ. ಮೂವತ್ತಾದರೆ ದೊಡ್ಡ ಕೋಚ್ ತಿರುಗುವಂಥ ರಸ್ತೆ, ಒಂದೇ ಕಡೆ ಹತ್ತು ಹದಿನೈದು ಕೋಣೆ, ಒಟ್ಟಿಗೆ ಕೂರಿಸಿ ಬಡಿಸುವ ಊಟದ ಮನೆ ಬೇಕು. ಇವೆಲ್ಲ ಎಲ್ಲ ದ್ವೀಪದಲ್ಲೂ ಸಿಗುವುದಿಲ್ಲ. ಹವೆ ಮತ್ತು ಹಣ ಉಳಿದೆರಡು ಅಳತೆಗಳು. ಅವನ್ನು ಆಯಾ ದ್ವೀಪದ ಜೊತೆಗೇ ನೋಡೋಣ.

ಕ್ರೀಟ್

ಸುಮಾರು 8,300 ಚದರ ಕಿ.ಮೀ. ವಿಸ್ತಾರದ ಕ್ರೀಟ್ ಗ್ರೀಸ್‌ನ ಅತಿ ದೊಡ್ಡ ದ್ವೀಪ. ಅಥೆನ್ಸ್ ಪಕ್ಕದ ಪಿರಾಯಸ್ ಬಂದರಿನಿಂದ ರಾತ್ರಿ ಒಂಬತ್ತರ ಸುಮಾರಿಗೆ ಹೊರಡುವ ಹಡಗು ಬೆಳಗಿನ ಜಾವ ಇರಾಕ್ಲಿಯೊ ಮುಟ್ಟುತ್ತದೆ. ಒಂದು ರಾತ್ರಿಯ ಕೋಣೆ ಬಾಡಿಗೆ ಉಳಿಯಿತು, ಒಂದು ಹಗಲೂ ಉಳಿಯಿತು. ತಂಡಗಳಿಗೆ ಇದಕ್ಕಿಂತ ಒಳ್ಳೆಯ ಹಾದಿ ನನಗೆ ಕಂಡಿಲ್ಲ.

ಇರಾಕ್ಲಿಯೊದಿಂದ ನೊಸೋಸ್, ಅಂದರೆ ಕ್ರೀಟ್‌ನಲ್ಲಿ ಕಂಚಿನ ಯುಗದಲ್ಲಿದ್ದ ಮಿನೋವನ್ ಜನರ ಅರಮನೆಯ ಅವಶೇಷ, ಐದು ಕಿ.ಮೀ., ಸಿಟಿ ಬಸ್ಸಿನಲ್ಲೇ ಹೋಗಬಹುದು. 1878ರಲ್ಲಿ ಅಲ್ಲಿ ಮೊದಲು ಅಗೆದವರು ಅದೇ ಊರಿನ ಮಿನೋಸ್ ಕಲೊಕೈರಿನೋಸ್. 1900ರಿಂದ ದೊಡ್ಡ ಪ್ರಮಾಣದಲ್ಲಿ ಅಗೆದ ಬ್ರಿಟಿಷ್ ಪುರಾತತ್ತ್ವಜ್ಞ ಆರ್ಥರ್ ಇವಾನ್ಸ್ ಅಷ್ಟಕ್ಕೇ ನಿಲ್ಲಲಿಲ್ಲ. ಕಾಂಕ್ರೀಟಿನಿಂದ ಕಂಬ ನಿಲ್ಲಿಸಿ, ಕೆಂಪು ಬಣ್ಣ ಬಳಿದು, ಮಹಡಿ ಎಬ್ಬಿಸಿದ. ಇಂದು ಪ್ರವಾಸಿಗರು ಫೋಟೊ ಹೊಡೆಯುವ "ಅರಮನೆ" ಬಹುಪಾಲು ಇಪ್ಪತ್ತನೆಯ ಶತಮಾನದ್ದು. ಇದರಿಂದ ಒಳ್ಳೆಯದಾಯಿತೇ ಕೆಟ್ಟದ್ದಾಯಿತೇ ಎಂದು ವಿದ್ಯಾರ್ಥಿಗಳನ್ನು ಅಲ್ಲೇ ನಿಲ್ಲಿಸಿ ಕೇಳಿ. ಮರುದಿನ ದ್ವೀಪದ ದಕ್ಷಿಣಕ್ಕಿರುವ ಫೈಸ್ಟೋಸ್‌ಗೆ ಕರೆದುಕೊಂಡು ಹೋಗಿ. ಅದೇ ಕಾಲದ ಅರಮನೆ, ಇಟಲಿಯವರು ಅಗೆದದ್ದು, ಹೆಚ್ಚು ಕಟ್ಟಲು ಹೋಗದೆ ಸಿಕ್ಕಿದ್ದನ್ನು ಸಿಕ್ಕಂತೆ ಬಿಟ್ಟಿದ್ದಾರೆ. ಕಲ್ಲಿನ ಅಂಗಳದಲ್ಲಿ ನಿಂತರೆ ಎದುರಿಗೆ ಮೆಸಾರಾ ಬಯಲು. ನೊಸೋಸ್‌ನಲ್ಲಿ "ಇವಾನ್ಸ್ ಮಾಡಿದ್ದು ತಪ್ಪು" ಎಂದು ವಾದಿಸಿದ ನನ್ನ ವಿದ್ಯಾರ್ಥಿನಿಯೊಬ್ಬಳು ಫೈಸ್ಟೋಸ್‌ನಲ್ಲಿ ತುಸು ಹೊತ್ತು ಸುಮ್ಮನಿದ್ದು, "ಮೇಡಂ, ಇಲ್ಲಿ ಏನೂ ಗೊತ್ತಾಗ್ತಿಲ್ಲ, ಆದ್ರೆ ಇದೇ ಸರಿ ಅನ್ಸುತ್ತೆ" ಅಂದಳು. ಅವತ್ತು ರಾತ್ರಿ ಊಟದ ಮೇಜಿನಲ್ಲಿ ಹಂಪಿಯ ಜೀರ್ಣೋದ್ಧಾರದವರೆಗೂ ಮಾತು ಹರಿಯಿತು. ಎರಡು ಅರಮನೆಗಳನ್ನು ಎರಡು ಬೇರೆ ದಿನ ನೋಡಿದ್ದರಿಂದ ಅದು ಸಾಧ್ಯವಾಯಿತು.

ಫೈಸ್ಟೋಸ್ ದಾರಿಯಲ್ಲೇ ಗೊರ್ಟಿನ್ ಸಿಗುತ್ತದೆ. ಕ್ರಿ.ಪೂ. ಐದನೆಯ ಶತಮಾನದ ಕಾನೂನನ್ನು ಅಲ್ಲಿ ಗೋಡೆಯ ಮೇಲೆ ಕೊರೆದಿಟ್ಟಿದ್ದಾರೆ, ಸುಮಾರು ಆರುನೂರು ಸಾಲು. ಆಸ್ತಿ ಪಾಲು, ವಿಚ್ಛೇದನ, ಹೆಣ್ಣುಮಕ್ಕಳ ಹಕ್ಕು, ಗುಲಾಮರ ವಿಷಯ ಎಲ್ಲ ಇದೆ. ಒಂದು ಸಾಲು ಬಲದಿಂದ ಎಡಕ್ಕೆ, ಮುಂದಿನದು ಎಡದಿಂದ ಬಲಕ್ಕೆ. ನೇಗಿಲು ಕಟ್ಟಿದ ಎತ್ತು ಹೊಲದ ಬದುವಿಗೆ ಹೋಗಿ ಹೊರಳುವ ಹಾಗೆ. ಆ ಬರವಣಿಗೆಗೆ ಗ್ರೀಕರು ಇಟ್ಟ ಹೆಸರಿನ ಅರ್ಥವೂ ಅದೇ. ಕಾನೂನು ಓದುವವರಿಗೂ ಶಾಸನ ಓದುವವರಿಗೂ ಈ ಒಂದು ಗೋಡೆ ಅರ್ಧ ದಿನದ ಪಾಠ. ಇರಾಕ್ಲಿಯೊದ ಪುರಾತತ್ತ್ವ ಸಂಗ್ರಹಾಲಯದಲ್ಲಿ 1908ರಲ್ಲಿ ಸಿಕ್ಕ, ಚಿಹ್ನೆಗಳನ್ನು ಒತ್ತಿದ ಮಣ್ಣಿನ ಫೈಸ್ಟೋಸ್ ಬಿಲ್ಲೆಯಿದೆ, ಅದನ್ನು ಇನ್ನೂ ಯಾರೂ ಎಲ್ಲರೂ ಒಪ್ಪುವಂತೆ ಓದಿಲ್ಲ. ಕ್ರೀಟ್‌ನಲ್ಲಿ ಸಿಕ್ಕ ಲೀನಿಯರ್ ಬಿ ಎಂಬ ಪ್ರಾಚೀನ ಲಿಪಿಯನ್ನು 1952ರಲ್ಲಿ ಮೈಕೆಲ್ ವೆಂಟ್ರಿಸ್ ಬಿಡಿಸಿದ. ವೃತ್ತಿಯಿಂದ ಆತ ವಾಸ್ತುಶಿಲ್ಪಿ. ಅದಕ್ಕೂ ಹಿಂದಿನ ಲೀನಿಯರ್ ಎ ಇಂದಿಗೂ ಮೌನವಾಗಿದೆ. ಸಿಂಧೂ ಮುದ್ರೆಗಳನ್ನು ಓದಲಾಗದ ದೇಶದಿಂದ ಹೋದ ಮಕ್ಕಳು ಆ ಗಾಜಿನ ಪೆಟ್ಟಿಗೆಗಳ ಮುಂದೆ ನಿಲ್ಲುವ ರೀತಿಯೇ ಬೇರೆ.

ಬೇರೆ ವಿಷಯದವರಿಗೂ ಕ್ರೀಟ್ ಒದಗುತ್ತದೆ. ಆಹಾರ ವಿಜ್ಞಾನದವರಿಗೆ, 1950ರ ದಶಕದ ಕೊನೆಯಲ್ಲಿ ಅಮೆರಿಕದ ವಿಜ್ಞಾನಿ ಆನ್ಸೆಲ್ ಕೀಸ್ ಊಟಕ್ಕೂ ಹೃದ್ರೋಗಕ್ಕೂ ಇರುವ ನಂಟಿನ ಬಗ್ಗೆ ನಡೆಸಿದ ಏಳು ದೇಶಗಳ ಅಧ್ಯಯನದಲ್ಲಿ ಕ್ರೀಟ್‌ನ ಹಳ್ಳಿಗರೂ ಇದ್ದರು. ಆಲಿವ್ ಎಣ್ಣೆಯ ಊಟಕ್ಕೆ ಜಗತ್ತಿನಲ್ಲಿ ಹೆಸರು ಬಂದದ್ದರಲ್ಲಿ ಆ ಅಧ್ಯಯನದ ಪಾಲು ದೊಡ್ಡದು. ಸಮಾಜಶಾಸ್ತ್ರ, ಸಾರ್ವಜನಿಕ ಆರೋಗ್ಯ ಓದುವವರಿಗೆ ಸ್ಪಿನಾಲೊಂಗಾ ಇದೆ. 1957ರವರೆಗೆ ಕುಷ್ಠರೋಗಿಗಳನ್ನು ಕೂಡಿಹಾಕಿದ್ದ ಪುಟ್ಟ ದ್ವೀಪ ಅದು, ಎಲುಂಡಾದಿಂದ ದೋಣಿಯಲ್ಲಿ ಹೋಗಬೇಕು. ಭೂಗೋಳದವರು ಸಮರಿಯಾ ಕಮರಿಯಲ್ಲಿ 16 ಕಿ.ಮೀ. ಇಳಿಯಬಹುದು. ಅದು ತೆರೆದಿರುವುದು ಸಾಮಾನ್ಯವಾಗಿ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ, ಮಂಡಿನೋವಿನವರನ್ನು ಕರೆದುಕೊಂಡು ಹೋಗಬೇಡಿ.

ಕೊರತೆ ಏನೆಂದರೆ ದೂರ. ದ್ವೀಪದ ಉದ್ದ ಸುಮಾರು 260 ಕಿ.ಮೀ. ಪೂರ್ವದ ಜಾಕ್ರೋಸ್, ಪಶ್ಚಿಮದ ಹನಿಯಾ ಎರಡನ್ನೂ ಒಂದೇ ವಾರದಲ್ಲಿ ಸೇರಿಸಲು ಹೋದರೆ ಬಸ್ಸಿನಲ್ಲೇ ದಿನ ಕಳೆಯುತ್ತದೆ. ಇರಾಕ್ಲಿಯೊ ಊರು ನೋಡಲು ಅಂಥ ಚೆಂದವೂ ಅಲ್ಲ, ಗದ್ದಲದ ಬಂದರು ಪಟ್ಟಣ. ಚಿತ್ರದ ಗ್ರೀಸ್ ನಿರೀಕ್ಷಿಸಿ ಬಂದವರು ಮೊದಲ ದಿನ ಮುಖ ಸಣ್ಣ ಮಾಡುತ್ತಾರೆ. ಆದರೆ ಮೂವತ್ತು ಜನರಿಗೆ ಹಾಸಿಗೆ, ಕೋಚ್, ಊಟ ಮೂರೂ ವರ್ಷವಿಡೀ ಸುಲಭವಾಗಿ ಹೊಂದುವ ಜಾಗ ಅದು.

ಸ್ಯಾಂಟೊರಿನಿ

ಮಕ್ಕಳು ಕೇಳಿದ ದ್ವೀಪವನ್ನು ತಳ್ಳಿಹಾಕುವ ಉದ್ದೇಶ ನನಗಿಲ್ಲ. ಭೂವಿಜ್ಞಾನ ಓದುವವರಿಗೆ ಗ್ರೀಸ್ ಮತ್ತು ಟರ್ಕಿ ನಡುವಿನ ಇಡೀ ಏಜಿಯನ್ ಕಡಲಿನಲ್ಲಿ ಇಂಥ ಜಾಗ ಇನ್ನೊಂದಿಲ್ಲ. ಕ್ರಿ.ಪೂ. 1600ರ ಆಸುಪಾಸಿನಲ್ಲಿ ಜ್ವಾಲಾಮುಖಿ ಸಿಡಿದು ನಡುಭಾಗ ಕುಸಿದು ಕಡಲು ಒಳನುಗ್ಗಿತು. ಆ ಫೋಟೊಗಳ ಬಿಳಿ ಮನೆಗಳು ನಿಂತಿರುವುದು ಆ ಬಾಯಿಯ ಅಂಚಿನ ಮೇಲೆ. ಬಂಡೆಯ ಗೋಡೆಯಲ್ಲಿ ಕೆಂಪು, ಕಪ್ಪು, ಬೂದು ಪದರಗಳನ್ನು ಬೆರಳಿಟ್ಟು ಎಣಿಸಬಹುದು. ನಡುಗಡಲಲ್ಲಿರುವ ನೇಯಾ ಕಮೇನಿ ಎಂಬ ಪುಟ್ಟ ಜ್ವಾಲಾಮುಖಿ ದ್ವೀಪ ಕೊನೆಯ ಸಲ ಸಿಡಿದದ್ದು 1950ರಲ್ಲಿ. ದೋಣಿಯಲ್ಲಿ ಹೋಗಿ ಅದರ ಬಾಯಿಯವರೆಗೂ ನಡೆಯಬಹುದು.

ಆ ಸ್ಫೋಟದಲ್ಲಿ ಹೂತುಹೋದ ಅಕ್ರೊಟಿರಿ ಎಂಬ ಊರಿನ ಅಗೆತ 1967ರಲ್ಲಿ ಸ್ಪಿರಿಡಾನ್ ಮರಿನಾಟೋಸ್ ನೇತೃತ್ವದಲ್ಲಿ ಶುರುವಾಯಿತು. ಬೂದಿಯಡಿ ಎರಡು ಮೂರು ಮಹಡಿಯ ಮನೆ, ಚರಂಡಿ, ಭಿತ್ತಿಚಿತ್ರ ಎಲ್ಲ ಸಿಕ್ಕವು, ಸತ್ತವರ ಅಸ್ಥಿ ಮಾತ್ರ ಸಿಗಲಿಲ್ಲ. ಅಂದರೆ ಜನರಿಗೆ ಮುನ್ಸೂಚನೆ ಸಿಕ್ಕಿತ್ತು, ಹೊರಟುಹೋಗಿದ್ದರು. 2025ರ ಜನವರಿ ಕೊನೆಯಿಂದ ಫೆಬ್ರವರಿವರೆಗೆ ಅಲ್ಲಿ ಸಾವಿರಾರು ಸಲ ನೆಲ ನಡುಗಿ ಹತ್ತು ಸಾವಿರಕ್ಕೂ ಹೆಚ್ಚು ಜನ ದ್ವೀಪ ಬಿಟ್ಟರು. ಮೂರೂವರೆ ಸಾವಿರ ವರ್ಷದ ಹಿಂದಿನ ಖಾಲಿ ಬೀದಿಯಲ್ಲಿ ನಿಂತು ಈ ಸುದ್ದಿಯನ್ನು ನೆನೆದರೆ ಮೈ ಜುಂ ಎನ್ನುತ್ತದೆ.

ಪ್ರವಾಸೋದ್ಯಮ ಓದುವವರಿಗೂ ಇದು ಬೇಕು. ಊರವರು ಸುಮಾರು ಹದಿನೈದು ಸಾವಿರ, ವರ್ಷಕ್ಕೆ ಬರುವವರು ಮೂವತ್ತು ಲಕ್ಷಕ್ಕೂ ಮೇಲು. ಕ್ರೂಸ್ ಹಡಗಿನಿಂದ ದಿನಕ್ಕೆ ಎಂಟು ಸಾವಿರಕ್ಕಿಂತ ಹೆಚ್ಚು ಜನ ಇಳಿಯದಂತೆ ಮಿತಿ ತಂದಿದ್ದಾರೆ. 2025ರ ಜುಲೈಯಿಂದ ಆ ಪ್ರಯಾಣಿಕರಿಗೆ ಹೆಚ್ಚಿನ ಋತುವಿನಲ್ಲಿ ತಲೆಗೆ 20 ಯೂರೊ ಶುಲ್ಕವಿದೆ.

ಇನ್ನು ಕಷ್ಟಗಳು. ಕೋಣೆ ಬಾಡಿಗೆಯಲ್ಲಿ ಇದನ್ನು ಮೀರಿಸುವುದು ಮಿಕೊನೋಸ್ ಒಂದೇ ಇರಬೇಕು. ಒಂದೇ ಕಡೆ ಮೂವತ್ತು ಹಾಸಿಗೆ ಸಿಗುವುದು ಅಪರೂಪ. ಸಂಜೆ ಇಯಾ ಊರಿನ ಓಣಿಗಳಲ್ಲಿ ಸೂರ್ಯಾಸ್ತ ನೋಡಲು ನೆರೆಯುವ ಜಾತ್ರೆಯಲ್ಲಿ ತಂಡವನ್ನು ಒಟ್ಟಿಗೆ ಇಡುವುದೇ ಮೇಷ್ಟ್ರ ಕೆಲಸವಾಗಿಬಿಡುತ್ತದೆ. ಹೋಗುವುದಾದರೆ ಏಪ್ರಿಲ್ ಅಥವಾ ಅಕ್ಟೋಬರ್‌ನಲ್ಲಿ ಎರಡೇ ರಾತ್ರಿ ಹೋಗಿ. ಕಡಿದಾದ ಅಂಚಿನ ಮೇಲೆ ಬೇಡ, ಪೂರ್ವದ ಮಗ್ಗುಲಿನ ಪೆರಿಸ್ಸಾ, ಕಮಾರಿ ಕಡೆ ಉಳಿಯಿರಿ, ಬಾಡಿಗೆ ಎಷ್ಟೋ ಕಡಿಮೆ. ಇರಾಕ್ಲಿಯೊದಿಂದ ಋತುವಿನಲ್ಲಿ ವೇಗದ ಹಡಗು ಸುಮಾರು ಎರಡು ಗಂಟೆಯಲ್ಲಿ ಮುಟ್ಟಿಸುತ್ತದೆ. ಕ್ರೀಟ್‌ನಲ್ಲಿ ಐದು ರಾತ್ರಿ, ಇಲ್ಲಿ ಎರಡು ಎಂದರೆ ವಿದ್ಯಾರ್ಥಿಗಳ ಆಸೆಯೂ ಈಡೇರಿತು, ಮಿನೋವನ್ ಕಾಲದ ಪಾಠಕ್ಕೆ ಜ್ವಾಲಾಮುಖಿಯ ಅಧ್ಯಾಯವೂ ಸೇರಿತು. ಮೂವತ್ತು ಜನರ ತಂಡವಾದರೆ ನಾನು ಒಪ್ಪುವ ಎರಡು ದ್ವೀಪದ ಜೋಡಿ ಇದೊಂದೇ.

ನಾಕ್ಸೋಸ್ ಮತ್ತು ಡಿಲೋಸ್

ಸಣ್ಣ ತಂಡ, ಶಿಲ್ಪ ಅಥವಾ ಪುರಾತತ್ತ್ವ ವಿಷಯ, ಹದಿನೈದು ಜನರೊಳಗೆ ಎಂದಾದರೆ ನನ್ನ ಮನಸ್ಸು ಇಲ್ಲಿಗೆ ಓಡುತ್ತದೆ.

ಡಿಲೋಸ್‌ನಲ್ಲಿ ಯಾರೂ ವಾಸ ಮಾಡುವುದಿಲ್ಲ. ಮೂರೂವರೆ ಚದರ ಕಿ.ಮೀ.ಗೂ ಕಡಿಮೆ ವಿಸ್ತಾರ, ಕಾವಲುಗಾರರು ಮತ್ತು ಅಗೆಯುವವರನ್ನು ಬಿಟ್ಟರೆ ರಾತ್ರಿ ಉಳಿಯಲು ಯಾರಿಗೂ ಅನುಮತಿಯಿಲ್ಲ. ಗ್ರೀಕರ ದೇವರು ಅಪೊಲೊ ಹುಟ್ಟಿದ ಜಾಗ ಎಂಬ ನಂಬಿಕೆಯಿಂದ ಪವಿತ್ರವಾಯಿತು. ಕ್ರಿ.ಪೂ. 426ರಲ್ಲಿ ಅಥೆನ್ಸ್‌ನವರು ಅಲ್ಲಿದ್ದ ಸಮಾಧಿಗಳನ್ನೆಲ್ಲ ತೆಗೆಸಿ, ಇನ್ನು ಮುಂದೆ ಈ ನೆಲದಲ್ಲಿ ಯಾರೂ ಹುಟ್ಟಕೂಡದು, ಸಾಯಕೂಡದು ಎಂದು ಕಟ್ಟಳೆ ಮಾಡಿದರು. ಕ್ರಿ.ಪೂ. 166ರಲ್ಲಿ ರೋಮನರು ಸುಂಕವಿಲ್ಲದ ಬಂದರು ಮಾಡಿದ ಮೇಲೆ ಸಿರಿಯಾ, ಈಜಿಪ್ಟ್, ಇಟಲಿಯ ವ್ಯಾಪಾರಿಗಳು ತಂತಮ್ಮ ದೇವರುಗಳೊಂದಿಗೆ ಬಂದು ನೆಲೆಸಿದರು. ದಿನಕ್ಕೆ ಹತ್ತು ಸಾವಿರ ಗುಲಾಮರನ್ನು ಕೊಂಡು ಮಾರಬಲ್ಲ ಸಂತೆ ಎಂದು ಪ್ರಾಚೀನ ಭೂಗೋಳಕಾರ ಸ್ಟ್ರಾಬೊ ಬರೆದದ್ದು ಇದೇ ದ್ವೀಪದ ಬಗ್ಗೆ. ದೇವಸ್ಥಾನದ ಊರೊಂದು ಮಾರುಕಟ್ಟೆಯಾದ ಬಗೆಯನ್ನು ನೆಲದ ಮೇಲೆ ನಡೆದೇ ಓದಬಹುದು. ಅಥೆನ್ಸ್‌ನಲ್ಲಿರುವ ಫ್ರೆಂಚರ ಪುರಾತತ್ತ್ವ ಸಂಸ್ಥೆ 1870ರ ದಶಕದಿಂದ ಅಲ್ಲಿ ಅಗೆಯುತ್ತಲೇ ಇದೆ.

ಹೆಚ್ಚಿನವರು ಮಿಕೊನೋಸ್‌ನಲ್ಲಿ ಉಳಿದು ಅಲ್ಲಿಂದ ಅರ್ಧ ಗಂಟೆಯ ದೋಣಿಯಲ್ಲಿ ಡಿಲೋಸ್‌ಗೆ ಹೋಗುತ್ತಾರೆ. ವಿದ್ಯಾರ್ಥಿಗಳಿಗೆ ಮಿಕೊನೋಸ್ ಬಾಡಿಗೆ ಭರಿಸುವ ಮಾತೇ ಅಲ್ಲ. ನಾಕ್ಸೋಸ್‌ನಲ್ಲಿ ಉಳಿಯಿರಿ. ಋತುವಿನಲ್ಲಿ ಅಲ್ಲಿಂದಲೂ ದಿನದ ಪ್ರವಾಸದ ದೋಣಿ ಇರುತ್ತದೆ. ಉಳಿಯಲು ಕಾರಣ ಅಗ್ಗ ಎಂಬುದಷ್ಟೇ ಅಲ್ಲ. ಡಿಲೋಸ್‌ನ ಪ್ರಸಿದ್ಧ ಸಿಂಹಗಳನ್ನು ಅರ್ಪಿಸಿದವರು ನಾಕ್ಸೋಸ್‌ನವರು, ಅಮೃತಶಿಲೆಯೂ ಅವರ ಬೆಟ್ಟದ್ದು. ಆ ಬೆಟ್ಟದ ಅಪೊಲೊನಾಸ್ ಗಣಿಯಲ್ಲಿ ಸುಮಾರು ಮೂವತ್ತೈದು ಅಡಿಯ ಅರ್ಧ ಕೆತ್ತಿದ ಮೂರ್ತಿಯೊಂದು ಎರಡೂವರೆ ಸಾವಿರ ವರ್ಷದಿಂದ ಮಲಗಿಯೇ ಇದೆ. ಹತ್ತಿ ಮುಟ್ಟಿ ನೋಡಬಹುದು, ಟಿಕೆಟ್ ಇಲ್ಲ. ಬಂಡೆ ಇದ್ದಲ್ಲೇ ಕೆತ್ತಿದ ಶ್ರವಣಬೆಳಗೊಳ, ಕೆತ್ತಿ ಬೆಟ್ಟಕ್ಕೆ ಸಾಗಿಸಿದರೆಂಬ ಕಾರ್ಕಳ, ಎರಡನ್ನೂ ಕಂಡ ನಮ್ಮ ಮಕ್ಕಳಿಗೆ ಇಲ್ಲಿ ತಾವಾಗಿಯೇ ಪ್ರಶ್ನೆ ಹುಟ್ಟುತ್ತದೆ: ಇಷ್ಟು ಭಾರವನ್ನು ಕಡಲು ದಾಟಿಸುವ ಧೈರ್ಯ ಎಲ್ಲಿಂದ ಬಂತು, ಈ ಒಂದನ್ನು ಯಾಕೆ ಕೈಬಿಟ್ಟರು? ಗಣಿಯಿಂದ ಗುಡಿಯವರೆಗೆ ಒಂದೇ ಕಲ್ಲನ್ನು ಹಿಂಬಾಲಿಸುವ ಇಂಥ ಪಾಠ ಬೇರೆ ದ್ವೀಪದಲ್ಲಿ ಸಿಗುವುದು ಕಷ್ಟ. ಬಂದರಿನಲ್ಲಿ ಹಡಗಿಳಿಯುವಾಗಲೇ ಎದುರಾಗುವ ಪೊರ್ಟಾರಾ, ಕ್ರಿ.ಪೂ. ಆರನೆಯ ಶತಮಾನದಲ್ಲಿ ಶುರುವಾಗಿ ಮುಗಿಯದೇ ನಿಂತ ಗುಡಿಯ ಬಾಗಿಲು, ಅದೂ ಅದೇ ಕಲ್ಲು.

ಪಿರಾಯಸ್‌ನಿಂದ ಸಾಮಾನ್ಯ ಹಡಗಿಗೆ ಐದಾರು ಗಂಟೆ. ಗಾಳಿಯ ವಿಷಯ ಮರೆಯಬೇಡಿ. ಜುಲೈ, ಆಗಸ್ಟ್‌ನಲ್ಲಿ ಉತ್ತರದಿಂದ ಬೀಸುವ ಮೆಲ್ಟೆಮಿ ಎದ್ದರೆ ಡಿಲೋಸ್ ದೋಣಿ ನಿಲ್ಲುತ್ತದೆ. ಡಿಲೋಸ್‌ಗೆ ವಾರದ ರಜೆ ಇದೆಯೇ, ಯಾವ ದಿನ ಎಂದು ಮೊದಲೇ ಕೇಳಿಕೊಳ್ಳಿ. ಅಲ್ಲಿ ಮರದ ನೆರಳೆಂಬುದೇ ಇಲ್ಲ. ಹಾಗಾಗಿ ಡಿಲೋಸ್‌ಗೆ ಒಂದು ದಿನ ಗೊತ್ತು ಮಾಡಿ, ಅದು ತಪ್ಪಿದರೆಂದು ಇನ್ನೊಂದು ದಿನ ಖಾಲಿ ಇಡಿ.

ಸಾಮೋಸ್

ಸಿವಿಲ್ ಎಂಜಿನಿಯರಿಂಗ್, ಗಣಿತ, ಜಲಸಂಪನ್ಮೂಲ. ಈ ಮೂರರಲ್ಲಿ ಒಂದಾದರೆ ಉಳಿದ ದ್ವೀಪಗಳನ್ನು ಮರೆತುಬಿಡಿ.

ಕ್ರಿ.ಪೂ. ಆರನೆಯ ಶತಮಾನದಲ್ಲಿ ಮೆಗಾರಾ ಊರಿನ ಯುಪಾಲಿನೋಸ್ ಎಂಬ ಎಂಜಿನಿಯರ್ ಊರಿಗೆ ನೀರು ತರಲು ಬೆಟ್ಟವನ್ನು ಎರಡೂ ಬದಿಯಿಂದ ಕೊರೆಸಿದ. ಉದ್ದ 1,036 ಮೀಟರ್. ನಡುವೆ ಎರಡೂ ಗುಂಪು ಕೂಡಿದ ಜಾಗದಲ್ಲಿ ಸುರಂಗ ಡೊಂಕಾಗುವುದು ಕಣ್ಣಿಗೇ ಕಾಣುತ್ತದೆ. ಆ ಡೊಂಕಿನಲ್ಲೇ ಲೆಕ್ಕವಿದೆ, ತಪ್ಪಿನ ಅಂದಾಜಿದೆ, ತಪ್ಪಿದರೂ ಒಬ್ಬರನ್ನೊಬ್ಬರು ದಾಟಿ ಹೋಗದಂತೆ ಮಾಡಿಕೊಂಡ ಉಪಾಯವಿದೆ. ಪ್ರಾಚೀನ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಹೊಗಳಿದ ಈ ಸುರಂಗದೊಳಗೆ ಇಂದು ನಡೆದುಹೋಗಬಹುದು. ಬೀದರಿನ ಕರೇಜ್ ಅಥವಾ ದಕ್ಷಿಣ ಕನ್ನಡದ ಸುರಂಗಗಳನ್ನು ಮೊದಲೇ ತೋರಿಸಿ ಕರೆದುಕೊಂಡು ಹೋದರೆ ವಿದ್ಯಾರ್ಥಿಗಳ ಕಣ್ಣು ಇನ್ನಷ್ಟು ಚುರುಕಾಗಿರುತ್ತದೆ. ಒಳಗೆ ಇಕ್ಕಟ್ಟು, ಒಮ್ಮೆಗೆ ಸಣ್ಣ ಗುಂಪನ್ನಷ್ಟೇ ಬಿಡುತ್ತಾರೆ, ತಂಡವನ್ನು ಒಡೆಯಬೇಕಾಗುತ್ತದೆ. ಉಸಿರುಕಟ್ಟುವ ಭಯವಿರುವವರನ್ನು ಒತ್ತಾಯಿಸಬೇಡಿ.

ಪೈಥಾಗರಸ್ ಹುಟ್ಟಿದ ದ್ವೀಪವಿದು, ಸೂರ್ಯನ ಸುತ್ತ ಭೂಮಿ ತಿರುಗುತ್ತದೆ ಎಂದ ಅರಿಸ್ಟಾರ್ಕಸ್ ಕೂಡ ಇಲ್ಲಿಯವನೇ. ಹೇರಾ ದೇವಿಯ ಗುಡಿಯಲ್ಲಿ ಈಗ ಒಂದೇ ಕಂಬ ನಿಂತಿದೆ. ಆ ಗುಡಿಗೂ ಪಿಥಾಗೊರಿಯೊ ಊರಿಗೂ ಸೇರಿ 1992ರಲ್ಲಿ ಯುನೆಸ್ಕೊ ಪಟ್ಟ ಸಿಕ್ಕಿದೆ. ಪಿಥಾಗೊರಿಯೊದಲ್ಲಿ ಕೋಣೆ ಬಾಡಿಗೆ ಸ್ಯಾಂಟೊರಿನಿಯ ಹತ್ತಿರಕ್ಕೂ ಬರುವುದಿಲ್ಲ. ಅಡ್ಡಿ ದೂರದ್ದು. ಪಿರಾಯಸ್‌ನಿಂದ ಹಡಗು ಬಹಳ ಹೊತ್ತು ತೆಗೆದುಕೊಳ್ಳುತ್ತದೆ, ವಿಮಾನ ಒಂದು ಗಂಟೆಯದಾದರೂ ಸಣ್ಣದು, ಮೂವತ್ತು ಸೀಟು ಒಟ್ಟಿಗೆ ಬೇಕಾದರೆ ಬಹಳ ಮೊದಲೇ ಹಿಡಿಯಬೇಕು. ಇನ್ನು ಎದುರಿನ ಟರ್ಕಿ ದಂಡೆಗೆ ದೋಣಿಯಿದೆಯಲ್ಲ, ಅಲ್ಲಿನ ಪ್ರಾಚೀನ ನಗರ ಎಫೆಸಸ್ ನೋಡಿ ಬರೋಣ ಅನ್ನುವವರಿಗೆ ಒಂದು ಮಾತು: ಟರ್ಕಿಗೆ ಬೇರೆ ವೀಸಾ ಬೇಕು, ವಾಪಸು ಬರಲು ಶೆಂಗೆನ್ ವೀಸಾ (ಗ್ರೀಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ಸಲ್ಲುವ ಒಂದೇ ವೀಸಾ) ಒಂದಕ್ಕಿಂತ ಹೆಚ್ಚು ಸಲ ಪ್ರವೇಶ ಕೊಡುವಂಥದ್ದಾಗಿರಬೇಕು.

ಲೆಸ್ವೋಸ್, ಮತ್ತೆ ಕೆಲವು

ಜೀವವಿಜ್ಞಾನದವರು ಲೆಸ್ವೋಸ್ ಹೆಸರನ್ನೇ ಎತ್ತುವುದಿಲ್ಲ, ನನಗೆ ಅದು ಆಶ್ಚರ್ಯ. ಕ್ರಿ.ಪೂ. 345ರ ಆಸುಪಾಸಿನಲ್ಲಿ ಅರಿಸ್ಟಾಟಲ್ ಇಲ್ಲಿದ್ದು ಕಲೋನಿ ಕೊಲ್ಲಿಯ ಮೀನು, ಚಿಪ್ಪುಜೀವಿಗಳನ್ನು ಕೂತು ನೋಡಿದ. ಸಸ್ಯಶಾಸ್ತ್ರಕ್ಕೆ ಅಡಿಪಾಯ ಹಾಕಿದ ಥಿಯೊಫ್ರಾಸ್ಟಸ್ ಈ ದ್ವೀಪದ ಎರೆಸೋಸ್‌ನವನು. ಕೊಲ್ಲಿಯ ಉಪ್ಪಿನ ಗದ್ದೆಗಳಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ವಲಸೆ ಹಕ್ಕಿಗಳ ಸಾಲೇ ಇರುತ್ತದೆ. ಪಶ್ಚಿಮದ ಸಿಗ್ರಿ ಬಳಿ ಜ್ವಾಲಾಮುಖಿಯ ಬೂದಿಯಲ್ಲಿ ಹೂತು ಸುಮಾರು ಎರಡು ಕೋಟಿ ವರ್ಷದ ಹಿಂದೆ ಕಲ್ಲಾದ ಮರಗಳ ಕಾಡಿದೆ. ಏಜಿಯನ್ ವಿಶ್ವವಿದ್ಯಾಲಯದ ಕೇಂದ್ರ ಮಿಟಿಲಿನಿಯಲ್ಲಿದೆ, ಮೊದಲೇ ಬರೆದು ಕೇಳಿದರೆ ಅಲ್ಲಿನ ವಿದ್ಯಾರ್ಥಿಗಳೊಂದಿಗೆ ಒಂದು ದಿನ ಕೂರುವ ದಾರಿ ಹುಡುಕಬಹುದು. 2015ರಲ್ಲಿ ಲಕ್ಷಾಂತರ ನಿರಾಶ್ರಿತರು ಬಂದಿಳಿದ ದಂಡೆಯೂ ಇದೇ, 2020ರ ಸೆಪ್ಟೆಂಬರ್‌ನಲ್ಲಿ ಸುಟ್ಟುಹೋದ ಮೋರಿಯಾ ಶಿಬಿರ ಇಲ್ಲೇ ಇತ್ತು. ವಲಸೆಯ ಅಧ್ಯಯನಕ್ಕೆ ಬರುವವರು ಶಿಬಿರದ ಬೇಲಿಯ ಮುಂದೆ ಫೋಟೊ ತೆಗೆಸಿಕೊಳ್ಳುವ ಪ್ರವಾಸ ಮಾಡಬೇಡಿ. ಊರಿನ ಮೀನುಗಾರರು, ವಿಶ್ವವಿದ್ಯಾಲಯದ ಸಂಶೋಧಕರು ಇದ್ದಾರೆ, ಅವರ ಮಾತು ಕೇಳಿ. ಪಿರಾಯಸ್‌ನಿಂದ ಹಡಗು ಹನ್ನೆರಡು ಗಂಟೆಯ ಆಸುಪಾಸು. ಏಳು ರಾತ್ರಿಗಿಂತ ಕಡಿಮೆಯಾದರೆ ಹೋಗುವುದೇ ಬೇಡ.

ರೋಡ್ಸ್ ವಾಸ್ತುಶಿಲ್ಪದವರಿಗೆ. 1309ರಿಂದ 1522ರವರೆಗೆ ಆಳಿದ ನೈಟ್‌ಗಳ, ಅಂದರೆ ಕ್ರೈಸ್ತ ಯೋಧ ಸನ್ಯಾಸಿಗಳ, ಕೋಟೆ ಪಟ್ಟಣ ಇನ್ನೂ ಜನ ವಾಸಿಸುವ ಊರು. ಕೋಸ್ ವೈದ್ಯ ವಿದ್ಯಾರ್ಥಿಗಳಿಗೆ, ಪ್ರಾಚೀನ ವೈದ್ಯ ಹಿಪಾಕ್ರಟಿಸ್‌ನ ಊರು, ಅಲ್ಲಿನ ಅಸ್ಕ್ಲೆಪಿಯೊನ್ ಎಂಬ ಚಿಕಿತ್ಸೆಯ ದೇಗುಲ ಒಂದೇ ಬೆಳಿಗ್ಗೆಯಲ್ಲಿ ಮುಗಿಯುತ್ತದೆ, ಅದಕ್ಕಾಗಿಯೇ ಅಷ್ಟು ದೂರ ಹೋಗಬೇಕೇ ಎಂದು ಯೋಚಿಸಿ. ಕೊರ್ಫು ಏಜಿಯನ್‌ನಲ್ಲಿಲ್ಲ, ಪಶ್ಚಿಮ ಕಡಲಿನಲ್ಲಿದೆ. 1864ರವರೆಗೆ ಬ್ರಿಟಿಷರ ಕೈಯಲ್ಲಿದ್ದದ್ದರಿಂದ ಅಲ್ಲಿ ಇಂದಿಗೂ ಕ್ರಿಕೆಟ್ ಆಡುತ್ತಾರೆ. ವಸಾಹತು ಇತಿಹಾಸದವರು ಅಲ್ಲಿಗೇ ಪ್ರತ್ಯೇಕವಾಗಿ ಹೋಗಬೇಕು, ಬೇರೆಯದರ ಜೊತೆ ಸೇರಿಸಲಾಗುವುದಿಲ್ಲ.

ಹಣವೂ ದಿನವೂ ತೀರಾ ಕಡಿಮೆಯಿದ್ದು ಅಥೆನ್ಸ್‌ನಲ್ಲೇ ಉಳಿಯುವವರು ಈಗಿನಾ ಎಂಬ ದ್ವೀಪ ನೋಡಿಬನ್ನಿ. ಪಿರಾಯಸ್‌ನಿಂದ ಸಾಮಾನ್ಯ ಹಡಗಿಗೆ ಒಂದು ಗಂಟೆ ಚಿಲ್ಲರೆ. ಗುಡ್ಡದ ಮೇಲಿನ ಅಫಾಯಾ ದೇವಿಯ ಗುಡಿ ಕ್ರಿ.ಪೂ. 500ರ ಹೊತ್ತಿನದು, ಅದರ ಮಾಡಿನ ಶಿಲ್ಪಗಳು ಈಗ ಜರ್ಮನಿಯ ಮ್ಯೂನಿಕ್‌ನಲ್ಲಿವೆ. ಯಾರ ಆಸ್ತಿ ಯಾರ ಸಂಗ್ರಹಾಲಯದಲ್ಲಿ ಎಂಬ ಚರ್ಚೆಗೆ ಇಷ್ಟು ಅಗ್ಗದ ತರಗತಿ ಇನ್ನೆಲ್ಲಿ? ಸಂಜೆ ಬಂದರಿನಲ್ಲಿ ಪಿಸ್ತಾ ಕೊಂಡು ವಾಪಸು.

ಹಣ, ಹವೆ, ಊಟ

ಶೆಂಗೆನ್ ವೀಸಾ ಶುಲ್ಕ 2024ರ ಜೂನ್‌ನಿಂದ ವಯಸ್ಕರಿಗೆ 90 ಯೂರೊ. ಕನಿಷ್ಠ 30,000 ಯೂರೊ ಮೊತ್ತದ ವಿಮೆ ಕಡ್ಡಾಯ. ಅರ್ಜಿಯನ್ನು ಆರು ತಿಂಗಳು ಮೊದಲೇ ಹಾಕಬಹುದು. ತಂಡದಲ್ಲಿ ಒಬ್ಬರದ್ದು ತಡವಾದರೂ ಎಲ್ಲರ ಮನಸ್ಸು ಕೆಡುತ್ತದೆ, ಬೇಗ ಹಾಕಿ. ದೊಡ್ಡ ತಾಣಗಳ ಟಿಕೆಟ್ 2025ರ ಏಪ್ರಿಲ್‌ನಲ್ಲಿ ಏರಿತು: ಅಥೆನ್ಸ್‌ನ ಗುಡ್ಡದ ಮೇಲಿನ ಅಕ್ರೊಪೊಲಿಸ್‌ಗೆ 30 ಯೂರೊ, ನೊಸೋಸ್, ಡಿಲೋಸ್, ಅಕ್ರೊಟಿರಿ ತಲಾ 20. ಇಪ್ಪತ್ತೈದು ವರ್ಷದೊಳಗಿನವರಿಗೆ ಉಚಿತ ಎಂದು ಓದಿ ಖುಷಿಪಡಬೇಡಿ, ಅದು ಐರೋಪ್ಯ ಒಕ್ಕೂಟದವರಿಗೆ. ಯೂರೊಗೆ ನೂರು ರೂಪಾಯಿ ಎಂದು ಹಿಡಿದರೂ ಮೂವತ್ತು ಜನರ ಪೂರ್ತಿ ಟಿಕೆಟ್ಟಿಗೆ ಒಂದು ತಾಣಕ್ಕೆ 60,000 ರೂಪಾಯಿ. ಐದು ದ್ವೀಪ ಸುತ್ತುವವರು ಈ ಲೆಕ್ಕ ಮೊದಲು ಹಾಕಲಿ. ತಾಣಗಳಲ್ಲಿ ವಿವರಣೆ ಕೊಡುವುದು ಪರವಾನಗಿ ಪಡೆದ ಮಾರ್ಗದರ್ಶಿಗಳ ಕೆಲಸ, ಮೇಷ್ಟ್ರೇ ಪಾಠ ಮಾಡುವುದಿದ್ದರೆ ಮೊದಲೇ ಬರೆದು ಅನುಮತಿ ಕೇಳಿ.

ಜೂನ್ ನಡುವಿನಿಂದ ಆಗಸ್ಟ್‌ವರೆಗೆ ಬೇಡವೇ ಬೇಡ. ಬಿಸಿಗಾಳಿಗೆ ಅಕ್ರೊಪೊಲಿಸ್ ಅನ್ನೇ ಮಧ್ಯಾಹ್ನ ಮುಚ್ಚಿದ ಬೇಸಿಗೆಗಳು ಈಚೆಗೆ ಸಾಲುಸಾಲಾಗಿ ಬಂದಿವೆ. ನಮ್ಮ ದಸರಾ ರಜೆಯ ಅಕ್ಟೋಬರ್ ಎಲ್ಲಕ್ಕಿಂತ ಒಳ್ಳೆಯದು. ಏಪ್ರಿಲ್, ಮೇ ತಿಂಗಳೂ ಚೆನ್ನ, ಆದರೆ ಅಲ್ಲಿನ ಈಸ್ಟರ್ ಯಾವಾಗ ಎಂದು ನೋಡಿಕೊಳ್ಳಿ. 2027ರಲ್ಲಿ ಅದು ಮೇ 2ಕ್ಕೆ ಬರುತ್ತದೆ. ಆ ವಾರ ಊರಿಗೆ ಹೋಗುವ ಗ್ರೀಕರಿಂದ ಹಡಗು ತುಂಬಿರುತ್ತದೆ, ಹಬ್ಬದ ದಿನ ತಾಣಗಳು ಮುಚ್ಚಿರುತ್ತವೆ.

ಸಸ್ಯಾಹಾರಿಗಳು ಹೆದರಬೇಕಿಲ್ಲ. ಚರ್ಚಿನ ಉಪವಾಸದ ಅಡುಗೆ ಗ್ರೀಕರಲ್ಲಿ ದೊಡ್ಡ ಪರಂಪರೆ. "ನಿಸ್ಟಿಸಿಮಾ" ಎಂದು ಕೇಳಿದರೆ ಮಾಂಸ, ಹಾಲು, ಮೊಟ್ಟೆ ಇಲ್ಲದ್ದು ಬರುತ್ತದೆ. ಚಿಪ್ಪುಮೀನು ಅದರಲ್ಲಿ ಇರಬಹುದು, ಅದನ್ನು ಬೇಡ ಎಂದು ಬೇರೆಯಾಗಿ ಹೇಳಿ. ಸ್ಯಾಂಟೊರಿನಿಯ ಫಾವಾ ನಮ್ಮ ಗಟ್ಟಿ ತೊವ್ವೆಯ ಅಣ್ಣತಮ್ಮ, ಕ್ರೀಟ್‌ನ ಡಾಕೋಸ್ ಬಾರ್ಲಿ ರಸ್ಕಿನ ಮೇಲೆ ಟೊಮೆಟೊ. ಅವಲಕ್ಕಿ, ಚಟ್ನಿಪುಡಿ ಒಯ್ಯಿರಿ. ತುಪ್ಪ, ಪೇಡ ಒಯ್ಯಬೇಡಿ, ಹಾಲಿನ ಪದಾರ್ಥಗಳನ್ನು ಹೊರಗಿನಿಂದ ಐರೋಪ್ಯ ಒಕ್ಕೂಟದೊಳಕ್ಕೆ ತರುವಂತಿಲ್ಲ.

ಹಾಗಾದರೆ ಯಾರಿಗೆ ಯಾವುದು

ಇಪ್ಪತ್ತಕ್ಕಿಂತ ಹೆಚ್ಚು ಜನ, ಬೇರೆ ಬೇರೆ ವಿಷಯದವರು, ಮೊದಲ ಸಲದ ಪ್ರವಾಸ: ಕ್ರೀಟ್. ಭೂವಿಜ್ಞಾನ ಸೇರಿದ್ದರೆ, ಕೈಯಲ್ಲಿ ಸ್ವಲ್ಪ ಹೆಚ್ಚು ಹಣವಿದ್ದರೆ ಅದರ ಜೊತೆ ಸ್ಯಾಂಟೊರಿನಿ ಎರಡು ರಾತ್ರಿ. ಸಣ್ಣ ತಂಡ, ಶಿಲ್ಪ ಮತ್ತು ಪುರಾತತ್ತ್ವ: ನಾಕ್ಸೋಸ್‌ನಲ್ಲಿ ಉಳಿದು ಡಿಲೋಸ್. ಎಂಜಿನಿಯರಿಂಗ್‌ಗೆ ಸಾಮೋಸ್. ಜೀವವಿಜ್ಞಾನ, ವಲಸೆ ಅಧ್ಯಯನಕ್ಕೆ ಲೆಸ್ವೋಸ್, ದಿನ ಹೆಚ್ಚಿದ್ದರೆ. ಎರಡರ ನಡುವೆ ಮನಸ್ಸು ಹೊಯ್ದಾಡಿದರೆ ವಿದ್ಯಾರ್ಥಿಗಳಿಗೆ ಎರಡೂ ದ್ವೀಪದ ಬಗ್ಗೆ ಒಂದೊಂದು ಪುಟ ಬರೆಯಲು ಹೇಳಿ, ಯಾವುದರ ಬಗ್ಗೆ ಹೆಚ್ಚು ಪ್ರಶ್ನೆ ಬರೆಯುತ್ತಾರೋ ಅಲ್ಲಿಗೆ ಕರೆದುಕೊಂಡು ಹೋಗಿ.

ಯಾವುದನ್ನೇ ಆರಿಸಿ, ಊರಿಗೆ ಮರಳುವ ವಿಮಾನದ ಹಿಂದಿನ ರಾತ್ರಿ ಅಥೆನ್ಸ್‌ನಲ್ಲಿರಿ. ಗಾಳಿ ಜೋರಾದರೆ ಬಂದರಿನವರು ಹಡಗು ಬಿಡುವುದಿಲ್ಲ, ಕೇಳುವವರೂ ಇಲ್ಲ. ನಮ್ಮ ಎರಡನೆಯ ಪ್ರವಾಸದಲ್ಲಿ ಇರಾಕ್ಲಿಯೊದ ಹಡಗು ಒಂದು ರಾತ್ರಿ ನಿಂತೇಬಿಟ್ಟಿತು. ಕೈಯಲ್ಲಿ ಆ ಒಂದು ದಿನ ಇದ್ದದ್ದರಿಂದ ಮಕ್ಕಳು ಮರುದಿನ ಬೆಳಿಗ್ಗೆ ಇನ್ನೊಮ್ಮೆ ಸಂಗ್ರಹಾಲಯಕ್ಕೆ ಹೋಗಿ ಆ ಬಿಲ್ಲೆಯ ಮುಂದೆ ನಿಂತುಬಂದರು.